ಪಪ್ಪನ ಹೆಲ್ತ್ ಕಾರ್ಡ್

ಡೆಟ್ಟಾಲ್ ವಾಸನೆ ಬಂದರೆ ಜನರಿಗೆ ಆಸ್ಪತ್ರೆ ನೆನಪಾಗುತ್ತದೆ. ನನಗೆ ನೆನಪಾಗುವುದು ನಮ್ಮ ಅಡುಗೆಮನೆಯ ಸಿಂಕು. ದೋಹಾದ ಅಲ್ ಮುಂತಜಾದಲ್ಲಿ ಒಂದು ಹಳೆಯ ವಿಲ್ಲಾಕ್ಕೆ ಪ್ಲೈವುಡ್ ಗೋಡೆ ಹಾಕಿ ಮೂರು ಸಂಸಾರಗಳಿಗೆ ಕೊಟ್ಟಿದ್ದರು. ಹಿಂಬದಿಯ ಎರಡು ಕೋಣೆ ನಮ್ಮದು. ಒಬ್ಬರು ಮೀನು ಹುರಿದರೆ ಮೂರೂ ಮನೆಗೆ ಗೊತ್ತಾಗುತ್ತಿತ್ತು. ಕಿಟಕಿಯ ಏಸಿ ಇಡೀ ದಿನ ಗುರುಗುಡುತ್ತಿತ್ತು, ಎಷ್ಟು ಒರೆಸಿದರೂ ಕಿಟಕಿ ಸಂದಿಯಲ್ಲಿ ಮರಳಿನ ಪುಡಿ ಕೂತಿರುತ್ತಿತ್ತು. ಆ ವಿಲ್ಲಾ ಈಗ ಇಲ್ಲ, ಕೆಡವಿ ದೊಡ್ಡ ಕಟ್ಟಡ ಎಬ್ಬಿಸಿದ್ದಾರಂತೆ. ನೀವೂ ಬಾಡಿಗೆ ಮನೆಗಳಲ್ಲಿ ಬೆಳೆದವರಾದರೆ ಬಲ್ಲಿರಿ, ಅಂಥ ಮನೆ ಹೋಯಿತೆಂದು ಅಳುವುದಕ್ಕೂ ನಮಗೆ ಹಕ್ಕಿರುವುದಿಲ್ಲ. ಆದರೂ ಆ ಸಿಂಕು ನನ್ನನ್ನು ಬಿಟ್ಟಿಲ್ಲ. ನನಗೆ ಹನ್ನೊಂದಾದ ವರ್ಷ, ಶುಕ್ರವಾರದ ಊಟ ಮುಗಿಸಿ ರೇಮಂಡ್ ಬಾಪ್ಪು ಹೊರಟದ್ದೇ ತಡ, ಮಮ್ಮಿ ಅವರ ತಟ್ಟೆ ಲೋಟಗಳನ್ನು ಬೇರೆ ಇಟ್ಟು ಡೆಟ್ಟಾಲ್ ಹಾಕಿ ತೊಳೆಯುತ್ತಿದ್ದಳು.

ಬಾಪ್ಪು ಅಂದರೆ ನಮ್ಮ ಕೊಂಕಣಿಯಲ್ಲಿ ಚಿಕ್ಕಪ್ಪ. ಪಪ್ಪನ ಚಿಕ್ಕಪ್ಪನ ಮಗ, ಕಟಪಾಡಿಯವರು, ದೋಹಾದ ಹೊರಗಿನ ಮೆಸಯೀದ್‌ನಲ್ಲಿ ಒಬ್ಬ ಕಂಟ್ರಾಕ್ಟರನ ಕೈಕೆಳಗೆ ಪೈಪ್ ಫಿಟ್ಟರ್. ವಾರಕ್ಕೊಮ್ಮೆ ಕೆಲಸಗಾರರ ಕ್ಯಾಂಪಿನ ಬಸ್ಸಿನಲ್ಲಿ ಬಂದು, ಪಾದ್ರಿಗಳ ಪೂಜೆ ಮುಗಿಸಿ, ಬೇಕರಿಯಿಂದ ಬಿಸಿ ಖುಬ್ಬೂಸ್ ರೊಟ್ಟಿ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು. ಇಂಗ್ಲಿಷ್ ಶಾಲೆಯ ನನಗೆ ಕನ್ನಡ ಓದಲು ಕಲಿಸಿದವರು ಅವರೇ. ಊರಿಂದ ಬಂದ ಹಪ್ಪಳ, ಒಣಮೀನು ಸುತ್ತಿದ ಪೇಪರನ್ನು ಬಿಡಿಸಿ, ಮಡಿಕೆ ಸವರಿ, ಬೆರಳಿಟ್ಟು ಓದಿಸುತ್ತಿದ್ದರು. ನಾನು ಮೊದಲು ಕಲಿತ ವಾಕ್ಯಗಳಿಗೆಲ್ಲ ಒಣ ಸಿಗಡಿಯ ವಾಸನೆ. ತಪ್ಪು ಓದಿದರೆ ದೊರೆಸಾನಿ ಎಂದು ಚುಡಾಯಿಸುತ್ತಿದ್ದರು. ಮನೆಯೊಳಗೆ ನನಗೆ ಅವರೆಂದರೆ ಪ್ರಾಣ. ಹೊರಗೆ, ಶಾಲೆಯವರ ಕಣ್ಣಿಗೆ ಬೀಳುವ ಕಡೆ, ನಾನು ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನನ್ನು ಒಳ್ಳೆಯವಳು ಅಂದುಕೊಳ್ಳುವುದು ಬೇಡ.

ಆ ವರ್ಷ ಬಾಪ್ಪುವಿಗೆ ಕೆಮ್ಮು ಹಿಡಿಯಿತು, ಬಿಡಲೇ ಇಲ್ಲ. ಕ್ಯಾಂಪಿನಲ್ಲಿ ಕೇಳಿದರೆ ಜ್ವರದ ಬಿಳಿ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಸರಕಾರಿ ಹೆಲ್ತ್ ಸೆಂಟರಿಗೆ ಹೋಗಲು ಹೆಲ್ತ್ ಕಾರ್ಡ್ ಬೇಕು, ಅದನ್ನು ಅವರ ಕಂಪನಿ ಮಾಡಿಸಿ ಕೊಟ್ಟಿರಲಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಎಕ್ಸ್-ರೇಯದ್ದು. ಎದೆಯ ಫೋಟೊದಲ್ಲಿ ಕಲೆ ಕಂಡರೆ ಖಲಾಸ್, ವಿಮಾನ ಹತ್ತಿಸುತ್ತಾರೆ ಎಂದು ಅಲ್ಲಿದ್ದ ನಮ್ಮ ಊರವರೆಲ್ಲ ಪಿಸುಗುಡುತ್ತಿದ್ದರು. ಆಗ ಪಪ್ಪನಿಗೆ ಒಂದು ಉಪಾಯ ಹೊಳೆಯಿತು. ಕಾರ್ಡಿನ ಫೋಟೊ ಉಗುರಿನಷ್ಟು ದೊಡ್ಡದು, ಇಬ್ಬರದ್ದೂ ಒಂದೇ ಮನೆತನದ ಮೂಗು, ಒಂದೇ ತರದ ಮೀಸೆ. ಪಪ್ಪನ ಕಾರ್ಡ್ ತೋರಿಸಿ, ಪಪ್ಪನ ಹೆಸರಲ್ಲಿ ಮದ್ದು ಬರೆಸಿಕೊಂಡು ಬರುವುದು. ಅನುಮಾನ ಬಾರದ ಹಾಗೆ ನಾನು ಮಗಳಾಗಿ ಜೊತೆಗೆ ಹೋಗಬೇಕು. ಕಾಯಿಲೆಯೇ ಪಪ್ಪನ ಹೆಸರಿಗೆ ಬರೆದುಬಿಟ್ಟರೆ ಏನು ಗತಿ ಎಂದು ಯಾರೂ ಯೋಚಿಸಲಿಲ್ಲ ನೋಡಿ, ಅಂಥ ಜಾಣರು ನಾವು. "ಯಾರಾದ್ರೂ ಕೇಳಿದ್ರೆ ಡ್ಯಾಡಿ ಅಂತ ಹೇಳು, ಅಷ್ಟೇ. ಬೇರೆ ಎಂತದೂ ಮಾತಾಡ್ಬೇಡ," ಎಂದು ಪಪ್ಪ ದಾರಿಯುದ್ದಕ್ಕೂ ಕಲಿಸಿದರು. ಕಾರನ್ನು ಒಂದು ಗಲ್ಲಿಯಾಚೆ ನಿಲ್ಲಿಸಿ ಅಲ್ಲೇ ಕೂತರು.

ಹೆಲ್ತ್ ಸೆಂಟರಿನ ಹೊರಗೆ, ಗೋಡೆಯ ನೆರಳು ಎಷ್ಟಿತ್ತೋ ಅಷ್ಟರೊಳಗೆ, ನೀಲಿ ಕವರಾಲ್ ತೊಟ್ಟ ಗಂಡಸರು ಸಾಲಾಗಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಒಬ್ಬನ ಕೈಗೆ ಕಟ್ಟಿದ ಬಟ್ಟೆಯಿಂದ ರಕ್ತ ಜಿನುಗುತ್ತಿತ್ತು, ಅವನೂ ಸುಮ್ಮನೆ ಸರದಿ ಕಾಯುತ್ತಿದ್ದ. ಮಗಳ ಕೈ ಹಿಡಿದವನೆಂದು ಬಾಪ್ಪುವನ್ನು ಒಳಗೆ ಬಿಟ್ಟರು, ಸಂಸಾರಸ್ಥರ ಸೋಫಾದಲ್ಲಿ ಕೂರಿಸಿದರು. ಪಪ್ಪನ ಇಸ್ತ್ರಿ ಶರ್ಟು ಅವರ ಮೈಮೇಲೆ ಜೋಲುತ್ತಿತ್ತು. ಸೋಫಾ ಕೊಳೆಯಾದೀತೆಂದು ತುದಿಯಲ್ಲೇ ಕೂತು, ಕರ್ಚೀಫಿನೊಳಗೆ ಕೆಮ್ಮನ್ನು ಒತ್ತಿ ಹಿಡಿಯುತ್ತಿದ್ದರು. ಅಷ್ಟು ತಣ್ಣನೆಯ ಏಸಿಯಲ್ಲೂ ಅವರ ಕೈ ಬೆವರಿತ್ತು.

ಆಗ ನನ್ನ ಕ್ಲಾಸಿನ ನಿಶಾ ತನ್ನ ಅಮ್ಮನ ಜೊತೆ ಬಂದಳು. ಹೊಳೆಯುವ ಶೂ, ಗಂಧದ ಪರಿಮಳದ ಅಮ್ಮ. ಸೀದಾ ನನ್ನ ಹತ್ತಿರ ಬಂದು, ಬಾಪ್ಪುವಿನ ಒಡೆದ ಹಿಮ್ಮಡಿಯನ್ನೇ ನೋಡುತ್ತಾ, ಇವರು ನಿನ್ನ ಡ್ಯಾಡಿಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೇಳಬೇಕಾದ ಒಂದೇ ಮಾತು ನಾಲಗೆಯ ಮೇಲೇ ಇತ್ತು. ನಾನು ಬಾಪ್ಪುವಿನ ಕೈಯಿಂದ ನನ್ನ ಕೈ ಬಿಡಿಸಿಕೊಂಡು, ಗಟ್ಟಿಯಾಗಿ, "ಅಲ್ಲ, ನಮ್ಮ ಡ್ರೈವರ್," ಎಂದೆ. ಪಪ್ಪನ ಹೆಸರು ಕೂಗಲು ಕಾರ್ಡ್ ಹಿಡಿದು ಬಂದ ಮಲಯಾಳಿ ನರ್ಸ್ ಅಲ್ಲೇ ನಿಂತಿದ್ದಳು. ಫೋಟೊ ನೋಡಿದಳು, ಬಾಪ್ಪುವನ್ನು ನೋಡಿದಳು, ನನ್ನನ್ನು ನೋಡಿದಳು. ಒಳ್ಳೆಯ ಹೆಂಗಸು, ಕೂಗಾಡಲಿಲ್ಲ. ಬಾಪ್ಪುವನ್ನು ಪಕ್ಕಕ್ಕೆ ಕರೆದು ಕಾರ್ಡ್ ಅವರ ಕೈಗಿಟ್ಟು, ತಾನು ಏನೂ ನೋಡಿಲ್ಲ, ಬೇಗ ಹೊರಟುಹೋಗಿ ಎಂದು ಹರಕು ಹಿಂದಿಯಲ್ಲಿ ಹೇಳಿದಳು. ಅವರನ್ನು ಯಾರೂ ಮುಟ್ಟಿ ಕೂಡ ನೋಡಲಿಲ್ಲ.

ಗಲ್ಲಿ ದಾಟುವವರೆಗೆ ಬಾಪ್ಪು ಮುಂದೆ ಮುಂದೆ ನಡೆದರು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಇಂದು ಇದನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲವೇನೋ. ಕಾರು ಹತ್ತಿ ಕೂತು ಪಪ್ಪನಿಗೆ ಕಾರ್ಡ್ ವಾಪಸು ಕೊಟ್ಟು, "ಡಾಕ್ಟ್ರು ನೋಡಿದ್ರು ಮಾರಾಯ. ಎಂತದೂ ಇಲ್ಲವಂತೆ, ಧೂಳಿನ ಕೆಮ್ಮಂತೆ. ಮದ್ದೂ ಬೇಡ ಅಂದ್ರು," ಎಂದರು. ಪಪ್ಪ ದೇವರು ದೊಡ್ಡವನು ಎಂದು ಉಸಿರು ಬಿಟ್ಟರು. ಬಾಪ್ಪು ಕಿಟಕಿಯತ್ತ ತಿರುಗಿ ಕೂತರು. ನನ್ನನ್ನು ಉಳಿಸಲು ಅವರು ಸುಳ್ಳು ಹೇಳಿದ್ದು ನನಗೆ ಅಲ್ಲೇ, ಆ ಸೀಟಿನಲ್ಲೇ ಅರ್ಥವಾಗಿತ್ತು. ಹನ್ನೊಂದು ವರ್ಷದವಳಿಗೆ ತಿಳಿಯಲಿಲ್ಲ ಎಂದು ತಪ್ಪಿಸಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ, ಆಗುವುದಿಲ್ಲ.

ಆಮೇಲೂ ಕೆಲವು ಶುಕ್ರವಾರ ಬಂದರು, ಮೊದಲಿನ ಹಾಗೆಯೇ ಪೇಪರ್ ಬಿಡಿಸಿ ಓದಿಸಿದರು. ಆರು ತಿಂಗಳಿಗೆ ಕೆಲಸದ ಜಾಗದಲ್ಲೇ ರಕ್ತ ಕಾರಿ ಬಿದ್ದರು. ಆಸ್ಪತ್ರೆಯಲ್ಲಿ ಟಿಬಿ ಎಂದರು, ಕಂಪನಿಯವರು ಟಿಕೆಟ್ ತೆಗೆದು ಊರಿಗೆ ಕಳಿಸಿದರು. ಕಳಿಸುವ ಮೊದಲು ಆಸ್ಪತ್ರೆಗೆ ನೋಡಲು ಪಪ್ಪ ಒಮ್ಮೆ ಹೋಗಿದ್ದರು. ಮಕ್ಕಳು ಬೇಡ ಎಂದು ಮಮ್ಮಿ ನನ್ನನ್ನು ಬಿಡಲಿಲ್ಲ, ನಾನೂ ಹಟ ಮಾಡಲಿಲ್ಲ. ಕಟಪಾಡಿಯಲ್ಲಿ ಕ್ರಿಸ್ಮಸ್‌ಗೆ ಮೊದಲೇ ತೀರಿಕೊಂಡರು. ಆರು ತಿಂಗಳು ಮೊದಲು ಹಿಡಿದಿದ್ದರೆ ಬದುಕುತ್ತಿದ್ದರು ಎಂದು ಊರಿನ ಡಾಕ್ಟರು ಹೇಳಿದರಂತೆ.

ಪಪ್ಪ ಈಗ ಉಡುಪಿಯಲ್ಲಿ ನನ್ನ ಜೊತೆಗಿದ್ದಾರೆ. ಕಳೆದ ಭಾನುವಾರ ಊಟಕ್ಕೆ ಕೂತಾಗ ಯಾಕೋ ಬಾಪ್ಪುವಿನ ಮಾತು ಬಂತು. ಪಪ್ಪನಿಗೆ ಇವತ್ತಿಗೂ ಸಿಟ್ಟು ಆ ಹೆಲ್ತ್ ಸೆಂಟರಿನ ಡಾಕ್ಟರ್ ಮೇಲೆ. ಅವನಿಗೆ ಕಣ್ಣಿತ್ತಾ, ಎಂತ ಕಲಿತು ಬಂದಿದ್ದ ಎಂದು ಬೈದರು. ಆಮೇಲೆ ಸ್ವಲ್ಪ ತಣ್ಣಗಾಗಿ, "ನಮ್ಮ ಕೈಲಾದ್ದು ನಾವು ಮಾಡಿದ್ದೇವೆ. ನೀನೇ ಜೊತೆಗಿದ್ದಿಯಲ್ಲ, ಡಾಕ್ಟ್ರು ಸರಿಯಾಗಿ ನೋಡಿದ್ರಾ, ಇಲ್ವಾ?" ಎಂದು ಕೇಳಿದರು.

"ನೋಡಿದ್ರು ಪಪ್ಪ," ಎಂದೆ.