ಕಾಲುವೆಯಲ್ಲಿ ನೀರಿರುವಾಗಲೇ ಬರಬೇಕು

ನಮ್ಮ ಕ್ಯಾಂಪಿಗೆ ಹೆಣ್ಣಿನ ಕಡೆಯವರನ್ನು ಮನೆ ನೋಡಲು ಕರೆಸುವುದು ಶ್ರಾವಣದಿಂದ ಕಾರ್ತಿಕದೊಳಗೆ ಮಾತ್ರ. ಇದಕ್ಕೂ ಪಂಚಾಂಗಕ್ಕೂ ಸಂಬಂಧವಿಲ್ಲ. ಆಗ ಕಾಲುವೆಯಲ್ಲಿ ನೀರಿರುತ್ತದೆ, ಅಷ್ಟೆ.

ಅಣೆಕಟ್ಟು ಕಟ್ಟಿ ಕಾಲುವೆ ತೋಡಿದ ಮೇಲೆ ನಮ್ಮ ತಾತನಂಥವರು ಕರಾವಳಿ ಆಂಧ್ರದಲ್ಲಿದ್ದ ತುಂಡು ಹೊಲ ಮಾರಿ ಸಿರುಗುಪ್ಪದ ಕಡೆ ಬಂದರು. ಜಾಲಿ ಕಡಿದು ಗದ್ದೆ ಮಾಡಿದರು. ಅವರು ಗುಡಿಸಲು ಹಾಕಿಕೊಂಡ ಜಾಗವನ್ನು ಇಂದಿಗೂ ಯಾರೂ ಊರು ಅನ್ನುವುದಿಲ್ಲ, ಕ್ಯಾಂಪು ಅನ್ನುತ್ತಾರೆ. ಭೂಮಿಯನ್ನು ಇಲ್ಲಿ ಕೊಂಡರೂ ಸೊಸೆಯರನ್ನು ಮಾತ್ರ ಆ ಕಡೆಯಿಂದಲೇ ತಂದರು. ಫೋಟೋ ಕಳಿಸಿ ತಂದರು.

ಅಮ್ಮ ಹಾಗೆ ಬಂದವಳು. ಅವಳಿಗೆ ಕಳಿಸಿದ್ದ ಫೋಟೋದಲ್ಲಿ ಅಪ್ಪನ ಹಿಂದೆ ಸೊಂಟದೆತ್ತರದ ಭತ್ತ, ಅದರಾಚೆ ಹೆಂಚಿನ ಮನೆ. ಎರಡೂ ನಮ್ಮವಲ್ಲ. ಮದುವೆಯಾಗಿ ಚೈತ್ರದಲ್ಲಿ ಬಂದವಳು ಬಸ್ಸಿಳಿದು ಅಪ್ಪನ ಹಿಂದೆ ಒಂದು ತಗ್ಗು ದಾರಿಯಲ್ಲಿ ನಡೆದಳು. ಅದು ದಾರಿಯಲ್ಲ, ಕಾಲುವೆ ಎಂದು ಅವಳಿಗೆ ಗೊತ್ತಾದದ್ದು ಮಳೆಗಾಲದಲ್ಲಿ.

ನಮ್ಮ ಹೊಲ ಕಾಲುವೆಯ ತುದಿಯಲ್ಲಿದೆ. ಮೇಲೆ, ಕುರುಗೋಡು ಕಡೆ, ಎರಡು ಬೆಳೆ ತೆಗೆಯುತ್ತಾರೆ. ನಮಗೆ ಒಂದೇ ಬೆಳೆ, ಅದೂ ತೆನೆ ಒಡೆಯುವ ಹೊತ್ತಿಗೆ ನೀರು ನಿಲ್ಲದಿದ್ದರೆ. ಬಳ್ಳಾರಿಯ ಗಾಂಧಿನಗರದ ಪತ್ರಿಕಾ ಕಚೇರಿಯಲ್ಲಿ ಕೂತು ‘ಕೊನೆಭಾಗದ ರೈತರ ಪರದಾಟ’ ಎಂಬ ಶೀರ್ಷಿಕೆಯನ್ನು ಪ್ರತಿವರ್ಷ ಕೊಡುವವನು ನಾನೇ.

ಕಳೆದ ವರ್ಷ ಬಾಬಾಯಿ, ಅಂದರೆ ಅಪ್ಪನ ತಮ್ಮ, ಮಗನಿಗೆ ಹೆಣ್ಣು ಹುಡುಕುತ್ತಿದ್ದ. ಮಗನಿಗೆ ಮೂವತ್ತೈದು ದಾಟಿತ್ತು. ನೀರು ಎಲ್ಲಿಯವರೆಗೆ ಬರುತ್ತದೆಂದು ಕ್ಯಾಂಪಿನ ಹುಡುಗಿಯರಿಗೆ ಗೊತ್ತಿತ್ತು, ಒಬ್ಬಳೂ ಒಪ್ಪಲಿಲ್ಲ. ಬಾಬಾಯಿ ನನ್ನನ್ನು ಕುರುಗೋಡಿನ ಹತ್ತಿರ ಯಾರದೋ ಗದ್ದೆಗೆ ಕರೆದೊಯ್ದ. ಅದರ ಬದುವಿನ ಮೇಲೆ ಮಗನನ್ನು ನಿಲ್ಲಿಸಿದ. ನಾನು ಫೋಟೋ ತೆಗೆದೆ. ಎಲ್ಲಿ ತೆಗೆದದ್ದು ಎಂದು ಬರೆಯದ ಚಿತ್ರವನ್ನು ನನ್ನ ಮೇಜಿನಿಂದ ಮುಂದಕ್ಕೆ ಬಿಡುವವನಲ್ಲ ನಾನು. ಇದೊಂದನ್ನು ಮಾತ್ರ ಹಾಗೆಯೇ ಬಿಟ್ಟೆ, ಬಾಬಾಯಿ ಅದನ್ನು ಆಂಧ್ರದ ಒಂದು ಮನೆಗೆ ಕಳಿಸಿದ.

ದಸರೆ ಮುಗಿದ ವಾರ ಹುಡುಗಿ, ಅವಳ ಅಪ್ಪ, ಅಮ್ಮ ರೈಲಿನಲ್ಲಿ ಬಳ್ಳಾರಿಗೆ ಬಂದರು. ಬಾಡಿಗೆ ಕಾರು ಮೊದಲು ನಿಂತದ್ದು ಕುರುಗೋಡಿನ ಆ ಗದ್ದೆಯ ಬಳಿ. ಬಾಬಾಯಿ ಕಿಟಕಿಯಿಂದ ಕೈ ತೋರಿಸಿ ‘ಇದೇ’ ಎಂದ. ಮುಂದಿನ ಸೀಟಿನಲ್ಲಿ ನಾನಿದ್ದೆ.

ಬಾಬಾಯಿಯ ಮನೆಯಲ್ಲಿ ಊಟ. ಅಮ್ಮ ಬಡಿಸುತ್ತಿದ್ದಳು. ವರ್ಷಕ್ಕೆ ಎಷ್ಟು ಬೆಳೆ ಎಂದು ಹುಡುಗಿಯ ಅಪ್ಪ ತೆಲುಗಿನಲ್ಲಿ ಕೇಳಿದರು. ಎರಡು ಎಂದ ಬಾಬಾಯಿ. ಅಮ್ಮ ಸಾರಿನ ಪಾತ್ರೆ ಕೆಳಗಿಟ್ಟಳು. ಅವಳು ಬಾಯಿ ತೆರೆಯುವ ಮೊದಲೇ, ಬಂದವರಿಗೆ ತಿಳಿಯದಿರಲೆಂದು, ಬಾಬಾಯಿ ಕನ್ನಡಕ್ಕೆ ತಿರುಗಿದ. ಅತ್ತಿಗೆಯನ್ನು ಕರೆಯುವ ಪದ ಮಾತ್ರ ತೆಲುಗಿನದೇ ಉಳಿಯಿತು.

“ವದಿನಾ, ಸುಮ್ನ ಬಡಸ್ರಿ.”

“ಹೊಲ ತೋರ್ಸಿದ್ಯಾ?”

“ತೋರ್ಸೀನಿ.”

“ಯಾರ್ದು?”

“ಯಾರ್ದಾರ ಇರ್ಲಿ. ನೀವು ಬಂದಾಗ ಯಾರ್ ತೋರ್ಸಿದ್ರು? ಬಾಳೇವು ಮಾಡ್ಲಿಲ್ಲೇನು?”

“ಮಾಡ್ದೆ. ಅದನ್ನ ನೀವೆಲ್ಲಾ ಒಪ್ಪಿಗಿ ಅಂತ ತಿಳ್ಕಂಡೀರಿ.”

“ಅನ್ನ ಆರ್ತೈತಿ. ಉಂಡು ಆಮ್ಯಾಲೆ ಬಡಿದಾಡ್ರಿ,” ಎಂದ ಮದುವೆಯ ಗಂಡು. ಅವನು ತಲೆ ಎತ್ತಲಿಲ್ಲ.

ಅಮ್ಮ ತೆಲುಗಿನಲ್ಲಿ ಹುಡುಗಿಗೆ ಕೈ ತೊಳೆದು ಬಾ ಎಂದಳು. ಇಬ್ಬರೂ ಹೊಲದ ಕಡೆ ಹೊರಟರು, ನಾನು ಹಿಂದೆ ಹೋದೆ. ಹತ್ತು ನಿಮಿಷದ ದಾರಿ. ನೀರಿರಬೇಕಾದ ಆ ತಿಂಗಳಲ್ಲೂ ಕೊನೆಯ ತೂಬಿನ ಬಾಯಲ್ಲಿ ಎಮ್ಮೆಯ ಗೊರಸು ಮುಳುಗುವಷ್ಟೇ ನೀರು. ಪೈರು ಮೊಣಕಾಲಿಗೆ ಬಂದು ಹಳದಿಯಾಗಿ ನಿಂತಿತ್ತು. ಇದು ನಮ್ಮ ಎರಡೂ ಮನೆಗಳ ಹೊಲ ಎಂದಳು ಅಮ್ಮ. 

ಹುಡುಗಿ ಬಾಗಿ ಪೈರನ್ನು ಮುಟ್ಟಿ ನೋಡಿದಳು. ನೀರಿಲ್ಲದ ಹೊಲಗಳು ತಮ್ಮಲ್ಲೂ ಇವೆ, ಇಷ್ಟಕ್ಕೇ ತಾನು ಬೇಡ ಅನ್ನುತ್ತಿರಲಿಲ್ಲ ಎಂದಳು. ಆಮೇಲೆ, ಆ ಫೋಟೋ ಯಾರು ತೆಗೆದದ್ದು ಎಂದು ಕೇಳಿದಳು. ನಾನು ಎಂದೆ. ಏನು ಕೆಲಸ ಮಾಡುತ್ತೀರಿ ಎಂದಳು. ಹೇಳಿದೆ. ಅವಳು ತಿರುಗಿ ಮನೆಯ ಕಡೆ ನಡೆದಳು. ತನ್ನ ಅಪ್ಪ ಅಮ್ಮನನ್ನು ಎಬ್ಬಿಸಿಕೊಂಡು ಆಗಲೇ ಕಾರು ಹತ್ತಿ ಹೊರಟುಬಿಟ್ಟಳು.

ಅಂದಿನಿಂದ ಕ್ಯಾಂಪಿನಲ್ಲಿ ಅಮ್ಮ ‘ಮದುವೆ ಮುರಿದಾಕಿ’. ಅರಿಶಿನ ಕುಂಕುಮಕ್ಕೆ ಅವಳನ್ನು ಕರೆಯುವುದನ್ನು ನಿಲ್ಲಿಸಿದ್ದಾರೆ. ನಿಲ್ಲಿಸಿದವರಲ್ಲಿ ಹೆಚ್ಚಿನವರು ಅವಳಂತೆಯೇ ಫೋಟೋ ನೋಡಿ ಬಂದ ಸೊಸೆಯರು. ಫೋಟೋ ತೆಗೆದವನಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ನನಗೆ ಎಲ್ಲ ಮನೆಗಳಲ್ಲೂ ಕುರ್ಚಿ ಹಾಕುತ್ತಾರೆ.

ಹೋದ ವಾರ ಬಾಬಾಯಿ ಫೋನು ಮಾಡಿದ್ದ. ಹೊಸ ಸಂಬಂಧವೊಂದು ಕುದುರುತ್ತಿದೆಯಂತೆ, ಅವರು ಶ್ರಾವಣದಲ್ಲಿ ಬರುತ್ತಾರಂತೆ.

“ಹ್ವಾದ ವರ್ಷದ್ದ ಫೋಟೋ ನಡೀತೈತಲ್ಲಾ?”

ಅಳಿಸಿಬಿಟ್ಟಿದ್ದೇನೆ ಎಂದೆ.

“ಇರ್ಲಿ ಬಿಡು,” ಎಂದ. “ನನ್ನ ಫೋನ್‌ನಾಗ ಐತಿ.”