ಸಂಘರತ್ನ ಮುಳುಗದ ದಿನ

ಹುಮನಾಬಾದದ ಸಂಘರತ್ನನಿಗೆ ನೀರಿನ ಹೆದರಿಕೆ ಇಲ್ಲ, ಹಾವಿನ ಹೆದರಿಕೆ ಇಲ್ಲ. ಇರುವುದು ಒಂದೇ ಹೆದರಿಕೆ, ಅಂಗಿಯ ಇಸ್ತ್ರಿ ಎಲ್ಲಿ ಕೆಟ್ಟೀತೋ ಎಂದು. ಇಂಥವನಿಗೆ ದೇವರು ಬಾವಿಗಿಳಿಯುವ ಕಸುಬು ಕೊಟ್ಟ.

ಬಾವಿಗೆ ಬಿದ್ದ ಮೋಟಾರು, ಕೊಡ, ಮೊಬೈಲು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಎಲ್ಲವನ್ನೂ ಅವನು ಮೇಲೆ ತಂದಿದ್ದಾನೆ. ಮೊದಲು ಮುಂಬೈ ಬಂದರಿನಲ್ಲಿ ಹಡಗುಗಳ ತಳ ಕೆರೆಯುವ ಕೆಲಸದಲ್ಲಿದ್ದ. ಅಲ್ಲಿಂದ ಬರುವಾಗ ಗಾಳಿಯ ಸಿಲಿಂಡರು, ಮೈಗಂಟುವ ರಬ್ಬರಿನ ವೆಟ್‌ಸೂಟು, ಸೊಂಟಕ್ಕೆ ಕಟ್ಟುವ ಸೀಸದ ಪಟ್ಟಿ ತಂದ. ರಬ್ಬರು ಮನುಷ್ಯನನ್ನು ತೇಲಿಸುತ್ತದೆ, ಸೀಸ ಕೆಳಗೆಳೆಯುತ್ತದೆ. ಎರಡೂ ಸಮವಾದರೆ ನೀರಿನ ನಡುವೆ ಮೀನಿನ ಹಾಗೆ ನಿಲ್ಲಬಹುದು. ಸಮುದ್ರದ ಉಪ್ಪುನೀರು ಹೆಚ್ಚು ತೇಲಿಸುತ್ತದೆಂದು ಅಲ್ಲಿ ನಾಲ್ಕು ಸೀಸ ಕಟ್ಟುತ್ತಿದ್ದ. ಇಲ್ಲಿಯ ಸಿಹಿನೀರಿಗೂ ಅದೇ ನಾಲ್ಕು ಕಟ್ಟಿಕೊಂಡು ಇಳಿದು, ನೇರ ಹೋಗಿ ತಳದ ಕೆಸರಿನಲ್ಲಿ ಗೂಟದಂತೆ ನೆಟ್ಟುಕೊಂಡ. ಹಗ್ಗ ಹಿಡಿಯುವವಳು ಅವನ ಹೆಂಡತಿ ಧನಶ್ರೀ. ಮೂಲಂಗಿ ಕಿತ್ತಂತೆ ಕಿತ್ತಳು. ಅಂದಿನಿಂದ ಮೂರು ಸೀಸ.

“ಮೂರು ನನ್ನ ಅಳತಿ” ಎಂದು ಚಹಾದಂಗಡಿಯಲ್ಲಿ ಹೇಳುತ್ತಿದ್ದ. ಕೆಸರಿನ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಮುಂಬೈಯ ಹಳೆಯ ಜೊತೆಗಾರ ಹಬೀಬ್ ಒಂದು ಡ್ರೈಸೂಟು ಕಳಿಸಿದ. ಯಾವುದೋ ತಣ್ಣನೆಯ ದೇಶದ ಹಡಗಿನಿಂದ ಇಳಿದ ಮಾಲು. ವೆಟ್‌ಸೂಟಿನೊಳಗೆ ನೀರು ನುಗ್ಗಿ ಮೈ ತೋಯುತ್ತದೆ. ಇದರ ಕುತ್ತಿಗೆಗೆ, ಮುಂಗೈಗೆ ಬಿಗಿಯಾದ ಪಟ್ಟಿ. ಹನಿ ನೀರೂ ಒಳಗೆ ಹೋಗದು. ಇಸ್ತ್ರಿ ಅಂಗಿ ಹಾಕಿಕೊಂಡು ಇಳಿದು, ಇಸ್ತ್ರಿ ಅಂಗಿಯಲ್ಲೇ ಹತ್ತಿ ಬರಬಹುದು! ಸಂಘರತ್ನನಿಗೆ ಸ್ವರ್ಗ ಇನ್ನೊಂದು ಬೇಕಿರಲಿಲ್ಲ. ಸೀಸ ಇಮ್ಮಡಿ ಕಟ್ಟದಿದ್ದರೆ ಬಲೂನಾಗುತ್ತೀಯೆಂದು ಹಬೀಬ್ ಫೋನಿನಲ್ಲಿ ಎಚ್ಚರಿಸಿದ್ದ: “ಒಳಗೆ ಹವಾ ಉಳಿತದ, ಸೀಸಾ ಡಬಲ್ ಡಾಲ್ನಾ ಭಾಯ್, ನಹೀಂ ತೋ ಫುಗ್ಗಾ ಬನ್ ಜಾತೆ.”

“ನನಗ ಕಲಸಾಕ ಬಂದಾನ” ಎಂದು ಇವನು ಫೋನಿಟ್ಟ.

ಅದೇ ಹೊತ್ತಿಗೆ ನಮ್ಮೂರಿನಿಂದ ಕರೆ ಬಂತು. ನಮ್ಮೂರು ಬಸವಕಲ್ಯಾಣದಿಂದ ಹುಮನಾಬಾದಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಕಿರಾಣಿ ಅಂಗಡಿಯ ವೈಜನಾಥ ಸಾವಕಾರರ ತಾಯಿ ಶಕುಂತಲಾಬಾಯಿ ಹಿತ್ತಲ ಬಾವಿಗೆ ಬಗ್ಗಿ ನೋಡುವಾಗ ಕೊರಳಿನ ಶಿವದಾರ ಹರಿದು, ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಬಾವಿಗೆ ಬಿತ್ತು. ಲಿಂಗಪೂಜೆ ಇಲ್ಲದೆ ಆಕೆ ಗುಟುಕು ನೀರು ಕುಡಿಯುವವಳಲ್ಲ. ಮಠದಿಂದ ಬೇರೆ ಲಿಂಗ ತರುತ್ತೇವೆ ಎಂದರೆ, “ಬೇರೆ ಅವ್ವನ ತರತೀರೇನು?” ಎಂದಳು. ಮರುದಿನ ಬೆಳಗಾಗುವುದರಲ್ಲಿ ತುಟಿ ಒಣಗಿ, ಬೇವಿನ ನೆರಳಿನಲ್ಲಿ ಚಾಪೆಯ ಮೇಲೆ ಮಲಗಿಬಿಟ್ಟಿದ್ದಳು. ವಯಸ್ಸಾದ ಜೀವ, ಸಕ್ಕರೆ ಕಾಯಿಲೆ ಬೇರೆ. ಊರಿನ ಈಜುಗಾರರು ಮುಳುಗಿ ನೋಡಿದರು, ಯಾರ ಉಸಿರೂ ತಳ ಮುಟ್ಟಲಿಲ್ಲ.

ಸಂಘರತ್ನ ಎರಡು ಚೀಲ ಇಳಿಸಿದ. ಒಂದರಲ್ಲಿ ಹಳೆಯ ಸೂಟು, ಇನ್ನೊಂದರಲ್ಲಿ ಹೊಸದು. ವೈಜನಾಥ ಎರಡನ್ನೂ ದೂರದಿಂದ ನೋಡಿದರು.

“ಸಂಘ್ಯಾ, ಇದು ಹಾಕ್ಕೊಂಡ್ರ ನೀರು ನಿನ್ನ ಮೈಗೆ ತಾಕತದೇನು?”

“ಹಳೇದ್ರಾಗ ತಾಕತದ್ರಿ ಸಾವಕಾರ್ರ. ಹೊಸದ್ರಾಗ ಹನಿನೂ ಇಲ್ಲ.”

“ಹಂಗಾದ್ರ ಹೊಸದೇ ಇರಲಿ. ನಿನಗೂ ಥಂಡಿ ಆಗಂಗಿಲ್ಲ.”

ನೋಡಿರಿ, ಎಂಥ ಕರುಣೆ! ಅದೇ ಬಾವಿಯ ನೀರು ಅವರ ಮನೆಯ ಪೂಜೆಗೆ, ಅಡುಗೆಗೆ. ಥಂಡಿ ಯಾರಿಗೆಂದು ಎಲ್ಲರಿಗೂ ತಿಳಿಯಿತು. ಜಾತಿಯಿಲ್ಲವೆಂದ ಶರಣರಿಗೆ ಆ ಮನೆಯಲ್ಲಿ ದಿನವೂ ಊದಿನಕಡ್ಡಿ ಹಚ್ಚುತ್ತಾರೆ.

ಧನಶ್ರೀ ಗಂಡನ ಕಿವಿಯಲ್ಲಿ, ಊರಿಗೆ ಕೇಳುವಷ್ಟು ಮೆಲ್ಲಗೆ, “ಅವರಿಗೆ ಅವರ ನೀರಿನ ಚಿಂತಿ, ನಿಮಗ ನಿಮ್ಮ ಇಸ್ತ್ರಿ ಚಿಂತಿ. ಛಲೋ ಜೋಡಿ ಕೂಡೀರಿ” ಎಂದಳು.

ಮೂರು ಸೀಸ ಕಟ್ಟಿಕೊಂಡು ಸಂಘರತ್ನ ಹಾರಿದ. ಹೋದಷ್ಟೇ ವೇಗದಲ್ಲಿ ಪುಟಿದು ಬಂದ, ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ. ತಲೆ ಕೆಳಗೆ ಮಾಡಿ ಒದ್ದಾಡಿದ; ಸೂಟಿನ ಗಾಳಿಯೆಲ್ಲ ಕಾಲಿಗೆ ಏರಿ, ಎರಡು ದಪ್ಪ ಕಾಲು ಆಕಾಶಕ್ಕೆ ಕೈಮುಗಿದವು. ಜನ ನಕ್ಕರು. ಧನಶ್ರೀ ಹಗ್ಗದಿಂದ ದಡಕ್ಕೆಳೆದು, ಕುಕ್ಕರಗಾಲಲ್ಲಿ ಕೂಡಿಸಿ, ಕುತ್ತಿಗೆಯ ಪಟ್ಟಿಯೊಳಗೆ ಬೆರಳಿಟ್ಟಳು. ಗಾಳಿ ಹೊರಬರುವಾಗ ಆದ ಸಪ್ಪಳಕ್ಕೆ ಮತ್ತೊಮ್ಮೆ ನಕ್ಕರು.

“ಸೀಸ ಕಡಿಮಿ ಆಗ್ಯಾವ್ರಿ.”

“ಮೂರು ನನ್ನ ಅಳತಿ.”

“ಅಳತಿ ನಿಮ್ಮದಲ್ಲ, ಅಂಗಿದು. ಅಂಗಿ ಬದಲಾತು, ಅಳತಿ ಬದಲಾಗಬೇಕು. ಇಲ್ಲಾಂದ್ರ ಹಳೇದು ಹಾಕ್ಕೋರಿ, ಈಗ ಹೋಗಿ ಈಗ ಬರ್ತೀರಿ.”

“ಹಳೇದು ಬ್ಯಾಡ!” ಎಂದರು ವೈಜನಾಥ.

“ಬ್ಯಾಡ” ಎಂದ ಸಂಘರತ್ನನೂ. ಒಳಗಿನ ಅಂಗಿ ಇನ್ನೂ ಗರಿಗರಿಯಾಗಿತ್ತು. ಬೇವಿನ ಕೆಳಗೆ ಮುದುಕಿಗೆ ತಲೆ ಸುತ್ತಿ ಸೊಸೆ ಗಾಳಿ ಬೀಸುತ್ತಿದ್ದಳು. ಇಬ್ಬರ ಮಾನ ಉಳಿಯುತ್ತಿತ್ತು, ಒಬ್ಬಳ ಜೀವ ಹೋಗುತ್ತಿತ್ತು.

ಇನ್ನೆರಡು ಸಲ ತೇಲಿದ ಮೇಲೆ ಸಂಘರತ್ನನಿಗೆ ಬುದ್ಧಿ ಬಂತೆನ್ನಿ. “ಸಾವಕಾರ್ರ, ಅಂಗಡ್ಯಾಗಿನ ತೂಕದ ಕಲ್ಲು ಕೊಡಸ್ರಿ. ಐದ ಕಿಲೋದ್ದು ಎರಡು.”

ವೈಜನಾಥ ತಾವೇ ಹೋಗಿ ತಂದರು. ಕಬ್ಬಿಣದ ಎರಡು ಕಲ್ಲು ಅವನ ಪಟ್ಟಿಗೆ ಬಿಗಿದಾಯಿತು. “ಸೀಸದ್ದು ಆರ ಕಿಲೋ, ಇದು ಹತ್ತು. ಇನ್ನ ಎಮ್ಮಿನೂ ಮುಳಗತದ” ಎಂದು ಇಳಿದ. ಸೊಂಟ ಮುಳುಗಿತು, ಎದೆ ಮುಳುಗಿತು, ಗದ್ದ ಮುಳುಗಿತು. ಹಣೆ ಮುಳುಗಲಿಲ್ಲ. ಎಷ್ಟು ಒದ್ದಾಡಿದರೂ ನೀರ ಮೇಲೆ ಬೋರಲು ಹಾಕಿದ ಚರಿಗೆಯಂತೆ ಅವನ ತಲೆ.

“ಹತ್ತ ಕಿಲೋ ಹಾಕಿದ್ರೂ ಯಾಕ ಮುಳಗವಲ್ದು?” ದಡಕ್ಕೆ ಬಂದು ಕಲ್ಲು ಬಿಚ್ಚಿಟ್ಟ ಅವನ ದನಿಯಲ್ಲಿ ಈಗ ಜಂಬ ಇರಲಿಲ್ಲ.

“ಮಳಿಗಾಲದ ನೀರು ಇನ್ನೂ ಇಳದಿಲ್ಲ, ಬಾವಿ ನೀರು ದಪ್ಪ ಆಗ್ಯದ” ಎಂದರು ವೈಜನಾಥ.

ಚಾಪೆಯ ಮೇಲಿಂದ ಸಣ್ಣ ದನಿ ಕೇಳಿತು. “ವೈಜ್ಯಾ.”

“ಏನವ್ವಾ?”

“ಮಾರೂ ಕಲ್ಲು ಕೊಟ್ಟೀಯೇನೋ?”

ಸಾವಕಾರರು ಬೇವಿನ ಎಲೆ ಎಣಿಸತೊಡಗಿದರು.

“ಮಾರೂ ಕಲ್ಲು ಬ್ಯಾಡೋ ಯಪ್ಪಾ. ಒಳಗ ಗೂಡಿನ್ಯಾಗ ಕೊಳ್ಳೂ ಕಲ್ಲು ಅವ ನೋಡು, ತೊಗರಿ ತೂಗಿಸ್ಕೊಳ್ಳಾವು. ಅವನ್ನ ಕೊಡು.”

ಊರಿನ ತೊಗರಿಯೆಲ್ಲ ಕೊಳ್ಳುವ ಕಲ್ಲಿನಲ್ಲಿ ಆ ಅಂಗಡಿಗೆ ಹೋಗುತ್ತಿತ್ತು. ಸಕ್ಕರೆ, ಬೇಳೆ ಎಲ್ಲ ಮಾರುವ ಕಲ್ಲಿನಲ್ಲಿ ಊರಿಗೆ ಬರುತ್ತಿತ್ತು. ನೆರೆದವರಲ್ಲಿ ಸೋನುಬಾಯಿ ಎಂಬಾಕೆ ದಡದ ಮೇಲೆ ಬಿಚ್ಚಿಟ್ಟ ಕಲ್ಲನ್ನು ಬೋರಲು ಮಾಡಿದಳು. ಹೊಟ್ಟೆಯಲ್ಲಿ ಕೊರೆದ ಕುಳಿ, ಮೇಲೆ ಮೇಣ, ಮೇಣದ ಮೇಲೆ ಕರಿ ಬಣ್ಣ. ಶಕುಂತಲಾಬಾಯಿಯೂ ಸಾಚಾ ಎಂದು ನಾನು ಹೇಳುವುದಿಲ್ಲ. ಇಷ್ಟು ವರ್ಷ ಆಕೆಗೆ ಎರಡೂ ಗೂಡು ಗೊತ್ತಿದ್ದವು. ಲಿಂಗ ತಳ ಸೇರಿದ ಮೇಲೆ ಬಾಯಿ ತೆರೆಯಿತು.

ಕೊಳ್ಳುವ ಕಲ್ಲು ಬಂದವು. ಕಟ್ಟಿದ ಕೂಡಲೇ ಸಂಘರತ್ನ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿದ. ಗುಳ್ಳೆಗಳು ಒಂದೇ ಜಾಗದಲ್ಲಿ ಏಳತೊಡಗಿದವು. ಮುದುಕಿ ಸೊಸೆಯ ತೋಳು ಹಿಡಿದು ಎದ್ದು ಕುಳಿತಳು. ಬಹಳ ಹೊತ್ತಾಯಿತು. ಹಗ್ಗ ಜಗ್ಗಿತು, ಧನಶ್ರೀಯ ಜೊತೆ ಇನ್ನಿಬ್ಬರು ಕೈ ಹಾಕಿ ಎಳೆದರು. ಮೇಲೆ ಬಂದವನ ಮೈ ಒಣಗಿತ್ತು, ಅಂಗಿ ಒಣಗಿತ್ತು. ಮುಂಗೈಯಿಂದಾಚೆ ಮಾತ್ರ ಸೂಟಿಲ್ಲ, ಬರಿಗೈ. ಬಾವಿಯೆಲ್ಲ ಆಡಿಸಿ ಬಂದ ಬರಿಗೈ! ಸಾವಕಾರರು ಅದನ್ನು ಆಗ ಕಂಡರು. ಆ ಕೆಸರುಗೈಯಲ್ಲಿ ಕರಡಿಗೆ ಹೊಳೆಯುತ್ತಿತ್ತು.

“ಅಲ್ಲೇ ಕಲ್ಲಿನ ಮ್ಯಾಲ ಇಡು” ಎಂದರು.

“ಬ್ಯಾಡ” ಎಂದು ಮುದುಕಿ ಅಂಗೈ ಚಾಚಿದಳು. “ಈ ಮನಿ ಕಲ್ಲಿನ ಮ್ಯಾಲ ನನಗ ಇವತ್ತು ನಂಬಿಕಿಲ್ಲ. ನನ್ನ ಕೈಯಾಗ ಇಡೋ ನನ್ನಪ್ಪಾ.”

ಅವನು ಇಟ್ಟ. ಅದೇ ಬಾವಿಯ ನೀರಲ್ಲಿ ತೊಳೆದು, ಪೂಜಿಸಿ, ಒಂದು ತಂಬಿಗೆ ಕುಡಿದಳು.

ಅಂದು ಮುಸ್ಸಂಜೆ ಸಾವಕಾರರ ಹಿತ್ತಲಲ್ಲಿ ಗುಳುಂ, ಗುಳುಂ ಎಂದು ಸಪ್ಪಳವಾಯಿತು. ನಮ್ಮದೂ ಅವರದೂ ಒಂದೇ ಗೋಡೆ. ಮಾರುವ ಕಲ್ಲು ಸಂಘರತ್ನನನ್ನು ಮುಳುಗಿಸಲಿಲ್ಲವೇ ಹೊರತು, ತಾವು ಮಾತ್ರ ಚೆನ್ನಾಗಿ ಮುಳುಗಿದವು.

ಮಾರನೆಯ ವಾರ ಶಕುಂತಲಾಬಾಯಿ ಮತ್ತೆ ಅವನನ್ನು ಕರೆಸಿದಳು. ವೈಜನಾಥರಿಗೆ ಆ ದಿನವೇ ಬಸವಕಲ್ಯಾಣದಲ್ಲಿ ತುರ್ತು ಕೆಲಸ. ಸಂಘರತ್ನ ಹಳೆಯ ವೆಟ್‌ಸೂಟು ಹಾಕಿಕೊಂಡು, ಮೂರೇ ಸೀಸ ಕಟ್ಟಿಕೊಂಡು, ಮೈತುಂಬ ನೀರು ಹೊಕ್ಕಿಸಿಕೊಂಡು ಎರಡು ಕಲ್ಲನ್ನೂ ತಂದು ದಡದ ಮೇಲಿಟ್ಟ.

“ಹೊಸಾದು ಯಾಕ ತರಲಿಲ್ಲೋ?” ಎಂದು ನಾನು ಕೇಳಿದೆ.

“ಇಸ್ತ್ರಿ ಅಂಗಿ ಇರಲಿಲ್ರಿ ಆಯಿ” ಎಂದ.

“ಸುಳ್ಳ್ರಿ” ಎಂದಳು ಧನಶ್ರೀ. “ಅಷ್ಟು ಭಾರ ನಾ ಎಳಿಯಂಗಿಲ್ಲ ಅಂದೀನಿ.”

ಈಗ ಅಂಗಡಿಯಲ್ಲಿ ಕರೆಂಟಿನ ತಕ್ಕಡಿ ಬಂದಿದೆ, ಕೆಂಪು ಅಂಕಿ ಹೊಳೆಯುತ್ತವೆ. ಶಕುಂತಲಾಬಾಯಿ ಆ ಎರಡು ಕಲ್ಲನ್ನು ಅಂಗಡಿಯ ಕಟ್ಟೆಯ ಮೇಲೆ ಬೋರಲು ಇಡಿಸಿ, ಪಕ್ಕದಲ್ಲೇ ಕುಳಿತಿರುತ್ತಾಳೆ. ಬಂದವರು ಮೊದಲು ಅಂಕಿ ನೋಡುತ್ತಾರೆ, ಆಮೇಲೆ ಆಕೆಯ ಮುಖ ನೋಡುತ್ತಾರೆ. ಆಕೆ ತಲೆಯಾಡಿಸಿದ ಮೇಲೆಯೇ ಚೀಲದ ಬಾಯಿ ತೆರೆಯುತ್ತಾರೆ.