ದಂಡೆಯ ಲಕ್ಕಿ

ಘಟಪ್ರಭಾ ಹೊಳೆಯ ದಂಡೆಯಲ್ಲಿ ನನ್ನ ಕಬ್ಬಿನ ಹೊಲ. ಹೊಲಕ್ಕೂ ನೀರಿಗೂ ನಡುವೆ ಲಕ್ಕಿ ಗಿಡಗಳು ಒತ್ತಾಗಿ ಬೆಳೆದಿದ್ದವು. ಇನ್ನೂ ನಾಲ್ಕು ಸಾಲು ಕಬ್ಬು ಹಿಡಿಯುತ್ತದೆಂದು ಒಂದು ಬೇಸಿಗೆ ಜೆಸಿಬಿ ತರಿಸಿ ಅಷ್ಟನ್ನೂ ಬೇರುಸಹಿತ ಕೀಳಿಸಿದೆ.

"ಲಕ್ಕಿ ತಗೀಬ್ಯಾಡ್ರಿ, ಮಣ್ಣು ಹಿಡಕೊಂಡು ನಿಂತಾವ" ಎಂದಳು ಹೆಂಡತಿ.

"ನಿನಗೇನ ತಿಳೀತೈತಿ, ಬುತ್ತಿ ಬಿಚ್ಚು" ಎಂದೆ. ನನ್ನ ಬಾಯಿಯೇ ಅಂಥದು.

ಎರಡು ವರ್ಷಕ್ಕೆ ಅವಳು ತೀರಿಕೊಂಡಳು. ನಮ್ಮಲ್ಲಿ ಸುಡುವುದಿಲ್ಲ, ಕೈಯಲ್ಲಿ ಲಿಂಗವಿಟ್ಟು, ಕುಳ್ಳಿರಿಸಿ ಮಣ್ಣು ಮಾಡುತ್ತೇವೆ. ಹಾಗೆ ಕೂರಿಸಿದವರನ್ನು ಮತ್ತೆ ಕದಲಿಸುವುದಿಲ್ಲ. ದಿನಾ ಬುತ್ತಿ ಬಿಚ್ಚುತ್ತಿದ್ದ ಜಾಗದಲ್ಲೇ ಅವಳನ್ನು ಕೂರಿಸಿದೆವು. ಆಗ ಅವಳ ಸಮಾಧಿಯ ಗದ್ದುಗೆಯಿಂದ ಹೊಳೆಗೆ ಮೂವತ್ತು ಹೆಜ್ಜೆ.

ಮುಂದಿನ ಮಳೆಗಾಲ ಘಟ್ಟದಲ್ಲಿ ಹುಚ್ಚು ಮಳೆ. ಹಿಡಕಲ್ ಡ್ಯಾಮಿನ ಗೇಟು ತೆಗೆದರು. ನೀರು ಇಳಿದ ಮೇಲೆ ನೋಡಿದರೆ ನನ್ನ ಹೊಸ ಸಾಲುಗಳೂ ಇಲ್ಲ, ಅವು ನಿಂತಿದ್ದ ನೆಲವೂ ಇಲ್ಲ. ಮಳೆಯನ್ನು ಬೈದೆ, ಡ್ಯಾಮಿನವರನ್ನು ಬೈದೆ. ಮೂಡಲಗಿಯ ರೈತರ ಸಭೆಯಲ್ಲಿ ಸಾಹೇಬರೊಬ್ಬರು, ಜನ ಸುಡುವ ಎಣ್ಣೆ, ಕಲ್ಲಿದ್ದಲಿನ ಹೊಗೆಯಿಂದ ಭೂಮಿ ಕಾದು ಮಳೆಯ ರೀತಿ ಕೆಟ್ಟಿದೆ, ಹೊಳೆ ದಾರಿ ಬದಲಿಸುವುದಂತೂ ಮೊದಲಿನಿಂದ ಇದ್ದದ್ದೇ ಎಂದರು. ಕೇಳಿ ನನಗೆ ಹಾಯೆನಿಸಿತು. ತಪ್ಪು ಇಡೀ ಜಗತ್ತಿನದು, ನನ್ನೊಬ್ಬನದಲ್ಲ.

ಆದರೆ ಬಾಜೂ ಹೊಲದವನ ದಂಡೆ ಅಲ್ಲಲ್ಲಿ ಮಾತ್ರ ಕುಸಿದಿತ್ತು. ಅವನು ಲಕ್ಕಿ ಕಿತ್ತಿರಲಿಲ್ಲ.

ಪ್ರತಿ ಮಳೆಗಾಲ ನನ್ನ ದಂಡೆ ಇಷ್ಟಿಷ್ಟೇ ಹೋಗಿ, ಈ ಬೇಸಿಗೆಗೆ ಗದ್ದುಗೆಯಿಂದ ಹೊಳೆಗೆ ನಾಲ್ಕು ಹೆಜ್ಜೆ ಉಳಿದಿತ್ತು. ಮೊನ್ನೆ ಆ ಬಾಜೂ ಹೊಲದವನು ಕುರಿ ಹೊಡೆದುಕೊಂಡು ಬಂದು ನಿಂತ.

"ಕಾಕಾ, ಮಳಿ ಹಿಡಿಯೂದ್ರಾಗ ಕಾಕಿನ್ನ ತಗದು ಮ್ಯಾಲಿನ ಹೊಲದಾಗ ಇಡೂನ್ರಿ."

"ಕುಂತಾಕಿನ್ನ ಎಬ್ಬಸಂತಿಯೇನ?" ಎಂದು ರೇಗಿದೆ.

ಅವನು ತನ್ನ ದಂಡೆಯಿಂದ ಲಕ್ಕಿ ಟೊಂಗೆ ಕಡಿದು ತಂದು ನನ್ನ ಮುಂದಿಟ್ಟು ಹೋದ. ಗದ್ದುಗೆಯ ಮುಂದೆ ಸಾಲಾಗಿ ನೆಟ್ಟೆ. ಅವು ಬೇರೂರಿ ಮಣ್ಣು ಹಿಡಿಯಲು ವರ್ಷಗಳೇ ಬೇಕೆಂದು ಗೊತ್ತಿದ್ದೂ ನೆಟ್ಟೆ.

ಮನೆಯಲ್ಲಿ ಮಾತಾಡುವವರಿಲ್ಲ. ಬುತ್ತಿ ಕಟ್ಟಿಕೊಂಡು ಇಲ್ಲಿಗೇ ಬರುತ್ತೇನೆ. ನಿನ್ನೆ ರೊಟ್ಟಿ ಮುರಿಯುತ್ತ, "ನೀ ಹೇಳಿದ್ದ ಖರೆ ಇತ್ತು" ಎಂದೆ. ಅಷ್ಟು ವರ್ಷ ಸಂಸಾರ ಮಾಡಿದರೂ ಈ ಮಾತು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ. ಇದ್ದಿದ್ದರೆ ಇಡೀ ಓಣಿಗೆ ಸಾರಿಕೊಂಡು ಬರುತ್ತಿದ್ದಳು.

ಹೊಳೆಯ ಕಡೆ ಮಣ್ಣು ಧಪ್ಪೆಂದು ಜಾರಿತು. ಎದ್ದು ನೋಡಿದೆ. ನೆಟ್ಟ ಲಕ್ಕಿಯಲ್ಲಿ ಅರ್ಧ ನೀರಿನಲ್ಲಿ ತೇಲುತ್ತಿತ್ತು.

ಇವತ್ತು ಬೆಳಿಗ್ಗೆ ಬಾಜೂ ಹೊಲದವನನ್ನು ಕೂಗಿದೆ.

"ಗುದ್ದಲಿ ತಗೊಂಡ ಬಾರೋ. ನಮ್ಮಾಕಿನ್ನ ಎಬ್ಬಸೂನು."